ಕಾಮಣಿ ಔಷಧ ಮತ್ತ ಕರಡಿ ಪಿತ್ತ

ಹೋದ ಮಳಿಗಾಲದಾಗ ಶಹಾಪುರದ ನಮ್ಮ ಅಕ್ಕನ ಮಗಗ ಕಾಮಣಿ ಆಗಿತ್ತು. ಏಳು ವರ್ಷದ ಹುಡುಗ. ಮೊದಲ ಜ್ವರ, ವಾಂತಿ. ನಾಕು ದಿನಕ್ಕ ಕಣ್ಣು ಹಳದಿ, ಉಚ್ಚಿ ಕರಿ ಚಹಾದಂಗ. ಅಜ್ಜಿ ಸುರಪುರ ಕಡಿ ಹಳ್ಳಿಗೆ ಒಯ್ದು ಬರಿ ಹಾಕ್ಸೋಣು ಅಂತ ಹಟ ಹಿಡಿದಳು. ಅಕ್ಕ ಕೇಳಲಿಲ್ಲ, ಯಾದಗಿರಿ ದವಾಖಾನಿಗೆ ಒಯ್ದಳು. ರಕ್ತ ತಪಾಸಣಿ ಮಾಡಿ ‘ಹೆಪಟೈಟಿಸ್ ಎ’ ಅಂದ್ರು. ಮೈ ಕೆರೆತ ಭಾಳ ಇತ್ತು, ಅದಕ್ಕ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಅನ್ನೋ ಔಷಧ ಬರೆದುಕೊಟ್ರು.

ಇಷ್ಟುದ್ದ ಹೆಸರಿನ ಔಷಧ ಎಲ್ಲಿಂದ ಬಂತು ಅಂತ ಹುಡುಕಿದೆ. ಲ್ಯಾಟಿನ್ ಭಾಷಾದಾಗ ‘ಅರ್ಸಸ್’ ಅಂದ್ರ ಕರಡಿ! ಚೀನಾದಾಗ 659ರ ಔಷಧ ಗ್ರಂಥದಾಗೇ ಕರಡಿ ಪಿತ್ತದ ಮಾತು ಅದ. 1902ರಾಗ ಸ್ವೀಡನ್ನಿನ ಹಮ್ಮಾರ್‌ಸ್ಟೆನ್ ಹಿಮಕರಡಿಯ ಪಿತ್ತದಾಗ ಈ ಆಸಿಡ್ ಕಂಡರು. 1927ರಾಗ ಜಪಾನಿನ ಶೋಡಾ ಅದನ್ನ ಹರಳು ಮಾಡಿ ತೆಗೆದು ಹೆಸರಿಟ್ರು. 1957ರ ಹೊತ್ತಿಗೆ ಜಪಾನಿನ ಅಂಗಡ್ಯಾಗ ಔಷಧ ಆಗಿ ಬಂತು. ಈಗ ಇದಕ್ಕ ಕರಡಿ ಬೇಕಾಗಿಲ್ಲ, ಹೆಚ್ಚಾಗಿ ದನದ ಪಿತ್ತದಿಂದ ಕಾರಖಾನ್ಯಾಗ ತಯಾರ ಮಾಡ್ತಾರ.

ಇದರ ಕೆಲಸ ಏನಂದ್ರ, ಲಿವರ್‌ದಾಗ ನಿಂತ ಪಿತ್ತ ಹರಿಯಂಗ ಮಾಡೋದು. ವೈರಸ್ಸಿನ ಕಾಮಣಿಗೂ ಕೊಟ್ಟು ನೋಡ್ಯಾರ. ರಕ್ತದ ರಿಪೋರ್ಟಿನಾಗ ಲಿವರಿನ ಅಂಕಿ ಇಳೀತಾವ. ಆದ್ರ ವೈರಸ್ ಇದರಿಂದ ಹೋಗ್ತದ ಅನ್ನೋದಕ್ಕ ಗಟ್ಟಿ ಪುರಾವಿ ಸಿಕ್ಕಿಲ್ಲ. ನಮ್ಮ ಡಾಕ್ಟರೂ ಹಂಗೇ ಅಂದ್ರು, “ಇದು ಕೆರೆತಕ್ಕ ಅದ ಅವ್ವ, ರೋಗ ಅವನ ಮೈಯೇ ಗೆಲ್ತದ.”

ಅವಾಗ ನನಗ ಬರಿಯ ಗುಟ್ಟೂ ತಿಳೀತು. ಹೆಪಟೈಟಿಸ್ ಎ ಆದ ಮಕ್ಕಳು ಬಹುತೇಕ ನಾಕಾರು ವಾರದಾಗ ತಾವೇ ಅರಾಮ ಆಗ್ತಾರ. ಬರಿ ಹಾಕಿದವನೂ ‘ನಾ ವಾಸಿ ಮಾಡ್ದೆ’ ಅಂತಾನ, ಬಾಟಲಿ ಕುಡಿಸಿದವರೂ ‘ಔಷಧದಿಂದ ಆತು’ ಅಂತಾರ. ಆದ್ರ ಬರಿ ಕೂಸಿನ ಮೈ ಸುಡ್ತದ, ಗಾಯ ಕೀವು ಆಗ್ತದ, ದವಾಖಾನಿಗೆ ಹೋಗೋದು ತಡ ಆಗ್ತದ.

ಈ ರೋಗ ಬರೋ ದಾರಿ ನೀರು. 1955-56ರಾಗ ದಿಲ್ಲ್ಯಾಗ ಯಮುನಾ ಹೊಳಿಗೆ ಗಟಾರದ ನೀರು ಕೂಡಿ, ಅದೇ ನೀರು ನಳಕ್ಕ ಬಂದು, ಸುಮಾರು 29,300 ಮಂದಿಗೆ ಕಾಮಣಿ ಆಗಿತ್ತು. ಅದು ‘ಹೆಪಟೈಟಿಸ್ ಇ’ ಅಂತ ವರ್ಷಗಟ್ಟಲೆ ಆದಮ್ಯಾಲ ಗೊತ್ತಾತು. ಅವಾಗ ಬಸುರಿ ಹೆಣ್ಣಮಕ್ಕಳಾಗೇ ಸಾವು ಹೆಚ್ಚು. ಅದಕ್ಕ ಮನ್ಯಾಗ ಬಸುರಿ ಇದ್ದು ಕಣ್ಣು ಹಳದಿ ಆದ್ರ ಒಂದು ದಿನಾನೂ ಕಾಯಬ್ಯಾಡ್ರಿ.

ಕೂಸಿಗೆ ಕಾಮಣಿ ಆದ್ರೂ ಇಷ್ಟು ನೆನಪಿಡ್ರಿ. ನೀರು ಕುದಿಸಿ ಆರಿಸಿ ಕೊಡ್ರಿ. ಹಸಿವಿ ಇದ್ದಷ್ಟು ಉಣ್ಣಲಿ, ಬರೇ ಗಂಜಿ ಮ್ಯಾಲ ಇಡಬ್ಯಾಡ್ರಿ. ಜ್ವರದ ಗುಳಿಗಿ ಸೈತ ಡಾಕ್ಟರಿಗೆ ಕೇಳೇ ಕೊಡ್ರಿ. ಕೂಸು ಮಂಪರಿನ್ಯಾಗ ಬಿದ್ದರ, ತೊದಲಿ ಏನೇನೋ ಮಾತಾಡಿದ್ರ, ವಾಂತಿ ನಿಲ್ಲದಿದ್ರ, ಮೂಗು ವಸಡಿನಾಗ ರಕ್ತ ಬಂದ್ರ, ಅವತ್ತೇ ದೊಡ್ಡ ದವಾಖಾನಿಗೆ ಒಯ್ರಿ. ಸಂಡಾಸಕ್ಕ ಹೋಗಿ ಬಂದಮ್ಯಾಲ, ಉಣ್ಣೋಕಿಂತ ಮೊದಲ ಸಾಬೂನಿನಿಂದ ಕೈ ತೊಳಸ್ರಿ.

ನಮ್ಮ ಹುಡುಗ ಐದು ವಾರಕ್ಕ ಸಾಲಿಗೆ ಹೋದ. ಅಜ್ಜಿ ಮಾತ್ರ ಇನ್ನೂ, “ಕರಡಿ ಪಿತ್ತ ಕುಡಿದ್ನಲ್ಲ, ಅದಕ್ಕ ಅರಾಮಾದ” ಅಂತಾಳ. ನಾನು ನಕ್ಕು ಕುದಿಸಿದ ನೀರಿನ ತಂಬಗಿ ಅಕಿ ಕೈಯಾಗ ಕೊಡ್ತೀನಿ.