ಹಗಲಿಲ್ಲದ ದಿನ

ಮಗಳ ಅಭ್ಯಾಸದ ಹಾಳೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರ ಮೇಲೆ ‘ನಿಶಾಚರ ಪ್ರಾಣಿಗಳು’, ಇನ್ನೊಂದರ ಮೇಲೆ ‘ದೈನಿಕ ಪ್ರಾಣಿಗಳು’. ಗೂಬೆ, ಬಾವಲಿಗಳನ್ನು ಮೊದಲ ಪಟ್ಟಿಗೆ ಸೇರಿಸಿದವಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು: “ಅಪ್ಪಾ, ಹಾಗಾದ್ರೆ ಗೂಬೆ ದಿನಾ ಏಳಲ್ವಾ?”

ತಪ್ಪು ಅವಳದಲ್ಲ. ಇಂಗ್ಲಿಷಿನ ‘ಡೈಯರ್ನಲ್’ ಪದಕ್ಕೆ ಎರಡು ಅರ್ಥ: ಹಗಲಿನಲ್ಲಿ ನಡೆಯುವುದು, ದಿನಕ್ಕೊಮ್ಮೆ ಮರಳಿ ಬರುವುದು. ಹಾಳೆ ಬರೆದವರು ಎರಡನೆಯದನ್ನು ತಂದು ಮೊದಲನೆಯದರ ಜಾಗದಲ್ಲಿ ಕೂರಿಸಿದ್ದಾರೆ. ಕನ್ನಡಕ್ಕೆ ಈ ತೊಡಕೇ ಬೇಕಿರಲಿಲ್ಲ. ಬೆಳಕಿರುವಷ್ಟು ಹೊತ್ತು ಹಗಲು. ಹಗಲೂ ಇರುಳೂ ಕೂಡಿದರೆ ದಿನ. “ಹಗಲೆಲ್ಲ ದುಡಿದೆ” ಎಂದವನು ರಾತ್ರಿಯ ಮಾತು ಎತ್ತಿಲ್ಲ. “ಮೂರು ದಿನ ಜ್ವರ” ಎಂದರೆ ನಡುವಿನ ರಾತ್ರಿಗಳೂ ಲೆಕ್ಕಕ್ಕೆ ಬಂದವು.

ಹಗಲು, ಹಳಗನ್ನಡದ ಪಗಲ್, ನಮ್ಮ ಬಾಯಲ್ಲಿ ಬರೀ ಹೊತ್ತಿನ ಹೆಸರಾಗಿ ಉಳಿದಿಲ್ಲ. ಹಾಡುಹಗಲು, ಹಗಲುದರೋಡೆ ಎನ್ನುವಾಗ ನಮ್ಮನ್ನು ಕೆರಳಿಸುವುದು ಎಲ್ಲರ ಕಣ್ಣೆದುರೇ ನಡೆಯಿತಲ್ಲ ಎಂಬ ಸಂಗತಿ. ನಾನು ಚಿಕ್ಕವನಿದ್ದಾಗ ಹಗಲುವೇಷದವರು ನಮ್ಮ ಬೀದಿಗೆ ಬರುತ್ತಿದ್ದರು. ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ರಾವಣನ ಹಣೆಯ ಕೆಂಪು ಬಣ್ಣ ಬೆವರಿನ ಜೊತೆ ಹುಬ್ಬಿನವರೆಗೆ ಇಳಿದಿರುತ್ತಿತ್ತು, ಗದರಿದಾಗ ಮಾತ್ರ ಅವನು ರಾವಣನೇ. ಮಧ್ಯಾಹ್ನದ ಬಿಸಿಲಲ್ಲಿ, ಕೈಯಳತೆಯ ದೂರದಲ್ಲಿ ನಿಂತು ವೇಷ ಕಟ್ಟುವುದು ಎಷ್ಟು ಕಷ್ಟದ ಕಲೆ ಎಂದು ಆ ಹೆಸರೇ ಹೇಳುತ್ತದೆ.

ದಿನದ ಬಾಳು ಇಷ್ಟು ನೇರವಲ್ಲ. ಸಂಸ್ಕೃತದಿಂದ ಬಂದ ಈ ಪದಕ್ಕೆ ಹಗಲು ಎಂಬ ಅರ್ಥವೂ ಇದೆ. ಸೂರ್ಯ ದಿನಕರನಾದದ್ದು ಹಗಲು ಮಾಡುವುದರಿಂದ. ಪಂಚಾಂಗದ ‘ದಿನಮಾನ’ ಎಂದರೂ ಹಗಲಿನ ಉದ್ದವೇ. ಬೆಂಗಳೂರಿನಲ್ಲಿ ಅದು ಜೂನ್ ಕೊನೆಗೆ 12 ಗಂಟೆ 50 ನಿಮಿಷದ ಆಸುಪಾಸು, ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷದ ಆಸುಪಾಸು. ಉತ್ತರ ಕರ್ನಾಟಕಕ್ಕೆ ಹೋದರೆ ಇದೇ ಪದ ಬೇರೆಯೇ ದನಿಯಲ್ಲಿ ಸಿಗುತ್ತದೆ. “ದಿನಮಾನ ಕೆಟ್ಟಾವ್ರೀ” ಎಂದು ಕಟ್ಟೆಯ ಮೇಲೆ ಕೂತ ಹಿರಿಯರು ನಿಟ್ಟುಸಿರಿಡುತ್ತಾರೆ. ಅಳತೆಯ ಪದವೊಂದು ಇಡೀ ಕಾಲದ ಸುಖದುಃಖವನ್ನು ಹೊರುವ ಮಟ್ಟಕ್ಕೆ ಬೆಳೆದಿರುವುದು ನನಗೆ ಬಹಳ ಇಷ್ಟ.

ಹಗಲು ಬೇರೆ, ದಿನ ಬೇರೆ ಎಂದು ಗಿಡವೊಂದು ತೋರಿಸಿಕೊಟ್ಟದ್ದು 1729ರಲ್ಲಿ. ಫ್ರಾನ್ಸಿನ ಖಗೋಳಜ್ಞ ಝಾಂ ಝಾಕ್ ದ ಮೆರಾಂ ನಮ್ಮ ಮುಟ್ಟಿದರೆ ಮುನಿಯ ಜಾತಿಯ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಸೋಕದಿದ್ದರೂ ಎಲೆಗಳು ಬೆಳಗಿನ ಹೊತ್ತಿಗೆ ಬಿಚ್ಚಿಕೊಂಡವು, ಸಂಜೆಗೆ ಮುಚ್ಚಿಕೊಂಡವು. ಹಗಲನ್ನು ಕಸಿದುಕೊಂಡರೂ ದಿನ ಗಿಡದೊಳಗೇ ಉಳಿದಿತ್ತು. ಇಂಥ ಲಯಕ್ಕೆ ಫ್ರಾಂಜ್ ಹಾಲ್ಬರ್ಗ್ 1959ರಲ್ಲಿ ‘ಸರ್ಕೇಡಿಯನ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ‘ಸುಮಾರು’ ಮತ್ತು ‘ದಿನ’ ಸೇರಿ ಆದ ಪದ. ಆ ‘ಸುಮಾರು’ ಬಹಳ ಮುಖ್ಯ. ಮನುಷ್ಯನ ಒಳಗಡಿಯಾರದ ಸುತ್ತು ಸಾಮಾನ್ಯವಾಗಿ 24 ಗಂಟೆಗಿಂತ ತುಸು ಉದ್ದ. ಬೆಳಗಿನ ಬೆಳಕು ಅದನ್ನು ನಿತ್ಯ ಸರಿಮಾಡುತ್ತದೆ. ‘ದೈನಿಕ ಲಯ’ ಎಂದು ಬರೆದಾಗ ಈ ಸುಮಾರು ಬಿದ್ದುಹೋಗುತ್ತದೆ. ‘ದಿನದಾಸುಪಾಸಿನ ಲಯ’ ಎನ್ನಬಹುದೇನೋ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಸಂಜೆ ಮಗಳನ್ನು ಹಿತ್ತಲ ಹುಣಸೆಮರದ ಬಳಿ ಕರೆದೊಯ್ದೆ. ಎಲೆಗಳು ಎರಡೆರಡಾಗಿ ಮಡಚಿಕೊಂಡಿದ್ದವು. ಹೊತ್ತು ಮುಳುಗಿದ ಮೇಲೆ ಚಿಗುರಿಗೆ ಕೈ ಹಾಕಿದರೆ “ಗಿಡ ಮಲಗೈತೆ, ಮುಟ್ಬೇಡ” ಎಂದು ನಮ್ಮಜ್ಜಿ ಗದರುತ್ತಿದ್ದುದನ್ನು ಹೇಳಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಬಂದು ಹಾಳೆಯ ‘ದೈನಿಕ’ವನ್ನು ಹೊಡೆದುಹಾಕಿ, ಇದ್ದ ಚೂರು ಜಾಗದಲ್ಲಿ ಒತ್ತೊತ್ತಾಗಿ ಬರೆದಳು: ‘ಹಗಲು ಓಡಾಡೋ ಪ್ರಾಣಿಗಳು’.