ಬ್ರಿಡ್ಜ್ ಹಲ್ಲು ಕಟ್ಟಿಸುವ ಮುನ್ನ ದವಡೆಯ ತಗ್ಗನ್ನೂ ನೋಡಿಸಿ

ಹಲ್ಲು ಕೀಳಿಸಿದ ಜಾಗದಲ್ಲಿ ಅಕ್ಕಪಕ್ಕದ ಹಲ್ಲುಗಳ ಆಧಾರದಿಂದ ಕೂರಿಸುವ ಕಾಯಂ ಹಲ್ಲಿಗೆ ಬ್ರಿಡ್ಜ್ ಎನ್ನುತ್ತೇವೆ. ಖರ್ಚೆಷ್ಟು, ಬಣ್ಣ ಹೊಂದುತ್ತದೆಯೇ, ಎಷ್ಟು ವರ್ಷ ಬಾಳುತ್ತದೆ ಎಂದು ನಾವೆಲ್ಲ ಕೇಳುತ್ತೇವೆ. ಹಲ್ಲಿಲ್ಲದ ಜಾಗದಲ್ಲಿ ದವಡೆ ಹೇಗಿದೆ ಎಂದು ಕೇಳುವವರು ಕಡಿಮೆ. ಬ್ರಿಡ್ಜಿನ ಅಂದಕ್ಕೂ ಶುಚಿಗೂ ಅದು ಬಹಳ ಮುಖ್ಯ.

ತಗ್ಗು ಏಕೆ ಬೀಳುತ್ತದೆ?

ಬೇರನ್ನು ಹಿಡಿದಿರುವ ಮೂಳೆ ಹಲ್ಲು ಹೋದ ಮೇಲೆ ಕರಗತೊಡಗುತ್ತದೆ. ಹಿಂಬದಿಯ ಹಲ್ಲು ಕಿತ್ತ ಜಾಗಗಳ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ದವಡೆಯ ಅಗಲ ಸುಮಾರು ಅರ್ಧದಷ್ಟು ಕುಗ್ಗುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ. ತುಟಿಯ ಕಡೆಯ ಮೂಳೆ ತೆಳುವಾಗಿರುವುದರಿಂದ ಅಲ್ಲಿ ನಷ್ಟ ಹೆಚ್ಚು. ವಸಡಿನ ರೋಗ, ಕೀವು, ಬೇರು ಸೀಳಿದ್ದು, ಅಪಘಾತ ಇವು ತಗ್ಗನ್ನು ಇನ್ನೂ ದೊಡ್ಡದು ಮಾಡುತ್ತವೆ.

ಮೂರು ಬಗೆ

ಸೈಬರ್ಟ್ ಎಂಬ ದಂತವೈದ್ಯರು 1983ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.
1. ಅಗಲ ಮಾತ್ರ ಕುಗ್ಗಿದ್ದು
2. ಎತ್ತರ ಮಾತ್ರ ಕುಗ್ಗಿದ್ದು
3. ಎರಡೂ ಕುಗ್ಗಿದ್ದು

ಇದು ಅಪರೂಪದ ತೊಂದರೆಯಲ್ಲ. 1987ರ ಒಂದು ಸಮೀಕ್ಷೆಯಲ್ಲಿ ಮುಂಬದಿಯ ಹಲ್ಲು ಕಳೆದುಕೊಂಡವರ ಪೈಕಿ ಸುಮಾರು 91% ಮಂದಿಯಲ್ಲಿ ಇಂಥ ತಗ್ಗು ಕಂಡಿತ್ತು.

ಕಡೆಗಣಿಸಿದರೆ ಏನಾಗುತ್ತದೆ?

ಕಟ್ಟಿದ ಹಲ್ಲು ಪಕ್ಕದ್ದಕ್ಕಿಂತ ಉದ್ದವಾಗಿ ಕಾಣುತ್ತದೆ, ಅಥವಾ ಕೆಳಗೆ ಕಪ್ಪು ಸಂದು ಉಳಿಯುತ್ತದೆ. ಸಂದಿನಲ್ಲಿ ಅನ್ನ ಸಿಕ್ಕುತ್ತದೆ; ಮುಂಬದಿಯಲ್ಲಾದರೆ ಮಾತನಾಡುವಾಗ ಗಾಳಿ, ಎಂಜಲು ಸೋರುತ್ತವೆ. ಸಂದು ಮುಚ್ಚಲೆಂದು ಹಲ್ಲನ್ನು ವಸಡಿನ ಮೇಲೆ ತಡಿಯಂತೆ ಕವಿಸಿದರೆ ಅಡಿಯಲ್ಲಿ ಶುಚಿ ಮಾಡಲಾಗದೆ ವಸಡು ಬಾಯುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಹಲ್ಲುಗಳನ್ನು ಅರೆದಾಗಿರುತ್ತದೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ದಾರಿಗಳೇನು?

ಚಿಕ್ಕ ತಗ್ಗಾದರೆ ಹಲ್ಲಿನ ತಳದ ಆಕಾರ ಬದಲಿಸಿ ಅಥವಾ ವಸಡಿನ ಬಣ್ಣದ ಪಿಂಗಾಣಿ ಸೇರಿಸಿ ಸರಿದೂಗಿಸಬಹುದು. ದೊಡ್ಡದಾದರೆ ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡುತ್ತಾರೆ. ಕೆಲವೊಮ್ಮೆ ಮೂಳೆಯ ಕಸಿಯೂ ಬೇಕಾಗುತ್ತದೆ. ಅಗಲ ತುಂಬುವುದಕ್ಕಿಂತ ಎತ್ತರ ತುಂಬುವುದು ಕಷ್ಟ. ಹಲ್ಲು ಕೀಳುವಾಗಲೇ ಗುಳಿಯಲ್ಲಿ ಮೂಳೆಪುಡಿ ತುಂಬಿಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಕಸಿ ಸರಿಯಾಗಿ ಕೂಡದಿರುವ ಸಂಭವ ಹೆಚ್ಚು.

ವೈದ್ಯರಲ್ಲಿ ಕೇಳಬೇಕಾದದ್ದು

ಕಾಸರಗೋಡಿನಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ: ವೈದ್ಯರ ಭಾಷೆ ಯಾವುದೇ ಇರಲಿ, ಎರಡು ಪದ ನಮಗೆ ಗೊತ್ತಿದ್ದರೆ ಸಾಕು. ‘ರಿಡ್ಜ್’ ಎಂದರೆ ಹಲ್ಲು ಹೋದ ಜಾಗದ ದವಡೆಯ ದಿಂಡು. ‘ಪಾಂಟಿಕ್’ ಎಂದರೆ ಅದರ ಮೇಲೆ ಬರುವ ಕಟ್ಟಿದ ಹಲ್ಲು.
- ರಿಡ್ಜ್ ಎಷ್ಟು ಕುಗ್ಗಿದೆ?
- ಗಾಯ ಮಾಗಿ ರಿಡ್ಜ್ ಒಂದು ಆಕಾರಕ್ಕೆ ಬಂದಿದೆಯೇ, ಇನ್ನೂ ಕಾಯಬೇಕೇ? ಅಲ್ಲಿಯವರೆಗೆ ತಾತ್ಕಾಲಿಕ ಹಲ್ಲು ಇಡಬಹುದೇ?
- ಪಾಂಟಿಕ್‌ನ ಅಡಿಯಲ್ಲಿ ದಾರ ತೂರಿಸಿ ಶುಚಿ ಮಾಡಲು ಆಗುತ್ತದೆಯೇ?

ಈ ಪ್ರಶ್ನೆಗಳನ್ನು ಪಕ್ಕದ ಹಲ್ಲು ಅರೆಯುವ ಮೊದಲೇ ಕೇಳಿ. ಬ್ರಿಡ್ಜ್ ಕೂರಿಸಿದ ಮೇಲೆ ದಿನಕ್ಕೊಮ್ಮೆ ಅದರ ಅಡಿಯಲ್ಲಿ ದಾರ ಹಾಯಿಸುವುದನ್ನು ಮರೆಯದಿರಿ.