ಕಬಿನಿಯ ದೊಡ್ಡ ಮೀನು ಮತ್ತು ನೈಟ್ರೋಜನ್ ಕ್ಯಾನು

ಚಾಮುಂಡಿ ಬೆಟ್ಟದ ಮೇಲೆ ನಿಂತಾಗಲೆಲ್ಲ ನಮಗೆ ನೆನಪಾಗುವುದು, ಮೈಸೂರು ಎರಡು ಹೊಳೆಗಳ ನಡುವಿನ ಊರು ಅನ್ನುವುದು. ಉತ್ತರಕ್ಕೆ ಶ್ರೀರಂಗಪಟ್ಟಣದಲ್ಲಿ ಕಾವೇರಿ, ದಕ್ಷಿಣಕ್ಕೆ ನಂಜನಗೂಡಿನಲ್ಲಿ ಕಬಿನಿ. ಈ ನೀರಿನಲ್ಲಿ ಒಬ್ಬ ಆಳಿನಷ್ಟು ತೂಗುವ ಮೀನು ಇತ್ತು ಅಂದರೆ ಇವತ್ತಿನ ಹುಡುಗರು ನಂಬಲಿಕ್ಕಿಲ್ಲ.

ಆದರೆ ಇತ್ತು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮ ಹದ ಮಾಡಿ, ಜೀವ ಇದ್ದಂತೆಯೇ ನಿಲ್ಲಿಸುವುದು ಅವರ ಮನೆತನದ ಕಸುಬು. ಚರ್ಮವನ್ನೇನೋ ಹಾಗೆ ಉಳಿಸಬಹುದು. ಸಂತತಿಯನ್ನು ಉಳಿಸುವುದು ಹೇಗೆ?

ಅದಕ್ಕೊಂದು ದಾರಿ ಸಿಕ್ಕಿದ್ದು ಬ್ರಿಟನ್ನಿನಲ್ಲಿ. 1949ರಲ್ಲಿ ಅಲ್ಲಿನ ವಿಜ್ಞಾನಿಗಳು, ಗ್ಲಿಸರಿನ್ ಬೆರೆಸಿದರೆ ಹುಂಜದ ವೀರ್ಯ ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ ಎಂದು ತೋರಿಸಿದರು. 1953ರಲ್ಲಿ ಬ್ಲಾಕ್ಸ್‌ಟರ್ ಎಂಬವರು ಅದನ್ನು ಹೆರಿಂಗ್ ಮೀನಿಗೆ ಮಾಡಿದರು. ಒಂದು ಗುಂಪು ವಸಂತದಲ್ಲಿ, ಇನ್ನೊಂದು ಶರತ್ಕಾಲದಲ್ಲಿ ಮೊಟ್ಟೆ ಇಡುವ ಮೀನು ಅದು. ಒಂದರ ವೀರ್ಯ ಕಾದಿಟ್ಟು ಇನ್ನೊಂದರ ಮೊಟ್ಟೆಗೆ ಕೂಡಿಸಿದರು.

ನಮ್ಮೂರ ದನದ ಆಸ್ಪತ್ರೆಯ ನೈಟ್ರೋಜನ್ ಕ್ಯಾನು ನೀವು ನೋಡಿದ್ದೀರಿ. ಮೀನಿಗೂ ಅದೇ ಕ್ಯಾನು, ಅದೇ ಸ್ಟ್ರಾ. ಗಂಡು ಮೀನಿನ ಹೊಟ್ಟೆ ಮೆಲ್ಲಗೆ ಒತ್ತಿ ವೀರ್ಯ ತೆಗೆಯುತ್ತಾರೆ. ಒಂದು ಹನಿ ನೀರೂ ತಾಕಬಾರದು. ನೀರು ತಾಕಿದರೆ ವೀರ್ಯಾಣು ಈಜಲು ಶುರುಮಾಡಿ, ಸ್ವಲ್ಪ ಹೊತ್ತಿನಲ್ಲೇ ಸುಸ್ತಾಗುತ್ತದೆ. ಲವಣದ ದ್ರಾವಣ, ಮಂಜು ತಡೆಯುವ ರಾಸಾಯನಿಕ ಬೆರೆಸಿ, ಸ್ಟ್ರಾಗೆ ತುಂಬಿ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಇಡುತ್ತಾರೆ. ಬೇಕಾದಾಗ ಬೆಚ್ಚನೆ ನೀರಿನಲ್ಲಿ ಕರಗಿಸಿ ಮೊಟ್ಟೆಗೆ ಬೆರೆಸುತ್ತಾರೆ. ಕಾಟ್ಲಾ, ರೋಹು ಮರಿ ಮಾಡುವವರಿಗೂ ಇದು ಉಪಯೋಗ. ಒಂದೇ ಬಳಗದ ಮೀನುಗಳನ್ನೇ ಕೂಡಿಸುತ್ತಾ ಹೋದರೆ ಮರಿ ಬಡವಾಗುತ್ತವೆ. ಬೇರೆ ಹೊಳೆಯ ಗಂಡನ್ನು ಸಾಗಿಸುವ ಬದಲು ಸ್ಟ್ರಾ ತಂದರೆ ಸಾಕು.

ನಮ್ಮ ರಾಜ್ಯದಲ್ಲೂ ಈ ಕೆಲಸ ಆಗಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಸವರಾಜ ಮತ್ತು ಹೆಗ್ಡೆ ಮಹಶೀರ್ ವೀರ್ಯ ಹೆಪ್ಪುಗಟ್ಟಿಸುವ ಅಧ್ಯಯನವನ್ನು 2004ರಲ್ಲಿ ಪ್ರಕಟಿಸಿದರು. ಆದರೆ ಅದು ನೀಲಿ ರೆಕ್ಕೆಯ ಮಹಶೀರ್. ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದಲ್ಲಿ ಬೆಳೆದ ಇದೇ ಜಾತಿಯ ಮರಿಗಳನ್ನು, ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಕಾವೇರಿಗೂ ಬಿಟ್ಟಿದ್ದರು. ಅವು ಹೆಚ್ಚಿದವು. ಕಾವೇರಿ ಕೊಳ್ಳದ್ದೇ ಆದ ಗೂನುಬೆನ್ನಿನ ಮಹಶೀರ್ ಕಡಿಮೆಯಾಯಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೂ ಸೇರಿದವು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿ ಸೇರಿತು.

ಈಗ ಗೂನುಬೆನ್ನಿನ ಗಂಡು ಸಿಕ್ಕಿದರೆ, ನೆಂಟನ ಮೇಲೆ ಕಲಿತ ವಿದ್ಯೆ ಇದಕ್ಕೂ ದಾರಿ ತೋರಿಸಬಹುದು. ಆದರೆ ಮೀನಿನ ಮೊಟ್ಟೆಯನ್ನು ಹೀಗೆ ಇಡಲು ಆಗುತ್ತಿಲ್ಲ. ಮೊಟ್ಟೆ ದೊಡ್ಡದು, ಒಳಗೆ ಭಂಡಾರ ತುಂಬಿರುತ್ತದೆ, ಹೆಪ್ಪುಗಟ್ಟುವಾಗ ಮಂಜಿನ ಹರಳು ಅದನ್ನು ಕೆಡಿಸುತ್ತದೆ. ಅಂದರೆ ಕ್ಯಾನಿನಲ್ಲಿ ಇರುವುದು ಅಪ್ಪ ಮಾತ್ರ. ತಾಯಿ ಹೊಳೆಯಲ್ಲೇ ಇರಬೇಕು.

ರಾಮನಾಥಪುರದ ವಹ್ನಿ ಪುಷ್ಕರಿಣಿಯಲ್ಲಿ ನಮ್ಮ ಹಿರಿಯರು ದೇವರ ಮೀನು ಅಂತ ಮುಟ್ಟದೆ ಬಿಟ್ಟರು. ಅವರಿಗೆ ನೈಟ್ರೋಜನ್ ಗೊತ್ತಿರಲಿಲ್ಲ. ಹೊಳೆಗೆ ಸಿಡಿಮದ್ದು ಹಾಕುವವರನ್ನು ಕಂಡರೆ ಸುಮ್ಮನಿರಬೇಡಿ, ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತಿಳಿಸಿ.